ಪುಟ್ಟ ಮಕ್ಕಳ ತಲೆಬುರುಡೆ ಆಪರೇಷನ್‌ನಲ್ಲಿ ರಕ್ತ ಹೋಗುವುದನ್ನು ಹೇಗೆ ಕಡಿಮೆ ಮಾಡುತ್ತಾರೆ?

ಮುಖ್ಯವಾಗಿ ಟ್ರಾನೆಕ್ಸಾಮಿಕ್ ಆಸಿಡ್ ಅನ್ನುವ ಔಷಧಿಯಿಂದ. ಚರ್ಮ ಕೊಯ್ಯುವ ಮೊದಲೇ ರಕ್ತನಾಳಕ್ಕೆ ಕೊಟ್ಟು, ಆಪರೇಷನ್ ನಡೆಯುವಾಗಲೂ ಡ್ರಿಪ್‌ನಲ್ಲಿ ಮುಂದುವರಿಸುತ್ತಾರೆ. ಇದು ಹೊಸದಾಗಿ ಹೆಪ್ಪು ಕಟ್ಟಿಸುವುದಿಲ್ಲ. ಗಾಯದಲ್ಲಿ ಕಟ್ಟಿದ ಹೆಪ್ಪನ್ನು ದೇಹವೇ ಕರಗಿಸುತ್ತಾ ಹೋಗುತ್ತದಲ್ವಾ, ಅದನ್ನು ತಡೆಯುತ್ತದೆ ಅಷ್ಟೇ.

ಮಗುವಿನ ಮೈಯಲ್ಲಿರುವ ರಕ್ತವೇ ಕಡಿಮೆ, ಕೆಜಿಗೆ ಸುಮಾರು 80 ಮಿ.ಲೀ. 6 ಕೆಜಿ ಮಗುವಿಗೆ ಅರ್ಧ ಲೀಟರೂ ಇರುವುದಿಲ್ಲ. 100 ಮಿ.ಲೀ. ಹೋದರೆ ಐದರಲ್ಲೊಂದು ಪಾಲು ಹೋದ ಹಾಗೆ. ಅದರ ಮೇಲೆ, ಕತ್ತರಿಸಿದ ಮೂಳೆಯ ಅಂಚಿನಿಂದ ರಕ್ತ ಜಿನುಗುತ್ತಲೇ ಇರುತ್ತದೆ. ಅಲ್ಲಿ ದಾರ ಕಟ್ಟಿ ನಿಲ್ಲಿಸಲು ಆಗುವುದಿಲ್ಲ, ಮೇಣ ಒತ್ತಿ ಮುಚ್ಚಬೇಕು. ನೆತ್ತಿಯ ಚರ್ಮಕ್ಕೆ ಅಡ್ರಿನಲಿನ್ ಚುಚ್ಚಿ ರಕ್ತನಾಳ ಕುಗ್ಗಿಸುವುದೂ ಉಂಟು. ಟ್ರಾನೆಕ್ಸಾಮಿಕ್ ಆಸಿಡ್ ತೀರಾ ಜಾಸ್ತಿಯಾದರೆ ಫಿಟ್ಸ್ ಬರಬಹುದು, ಹಾಗಾಗಿ ತೂಕ ನೋಡಿಯೇ ಡೋಸ್ ಕೊಡುತ್ತಾರೆ.