ಆ ಅಜ್ಜಿಯ ಬಚ್ಚಲಮನೆಯಿಂದ ಶುರು ಮಾಡಿ

ನಮಸ್ಕಾರ,

ನಿಮ್ಮ ‘ರಸ್ತೆ ಯಾರ ಸ್ವತ್ತು?’ ಲೇಖನ ತಲುಪಿತು. ಎರಡು ಸಲ ಓದಿದೆ. ಮನೆ ಎದುರಿನ ಪಾರ್ಕಿನಲ್ಲಿ ಐದು ವಾರ ಟೆಂಟ್ ಹಾಕಿಕೊಂಡು ನಡೆದ ಅಹೋರಾತ್ರಿ ಧರಣಿಯಿಂದ ಅಕ್ಕಪಕ್ಕದವರು ಏನೇನು ಅನುಭವಿಸಿದರು ಅಂತ ಬರೆಯಲು ಹೊರಟಿದ್ದೀರಿ. ಬರೆಯಲೇಬೇಕಾದ ವಿಷಯ. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಮೂರು ಪುಟದಲ್ಲಿ ‘ಸಾರ್ವಜನಿಕರಿಗೆ ತೀವ್ರ ತೊಂದರೆ’ ಎಂಬ ಮಾತು ಒಂಬತ್ತು ಸಲ ಬಂದಿದೆ. ಯಾರಿಗೆ, ಎಷ್ಟು ಹೊತ್ತಿಗೆ, ಯಾವುದರಿಂದ ಅಂತ ಒಂದು ಕಡೆಯೂ ಇಲ್ಲ. ಟೆಂಟಿನಲ್ಲಿ ಕೂತವರೂ ಸಾರ್ವಜನಿಕರೇ ಅಲ್ವಾ? ಓದುವವರಿಗೆ ಇದು ಯಾರೋ ಕೊಟ್ಟ ದೂರು ಅರ್ಜಿಯ ಹಾಗೆ ಕಾಣುತ್ತದೆ. ಮುಂದೆ ಓದುವ ಆಸೆಯೇ ಹುಟ್ಟುವುದಿಲ್ಲ.

ಆಮೇಲೆ ನಾಲ್ಕನೇ ಪುಟ ಬರುತ್ತದೆ. ಅಲ್ಲಿ ಎರಡೇ ಸಾಲಿನಲ್ಲಿ ಒಬ್ಬ ಅಜ್ಜಿ ಬಂದು ಹೋಗುತ್ತಾರೆ. ಪಾರ್ಕಿನ ಕಡೆಗೇ ಕಿಟಕಿ ಇರುವ ಮನೆ. ರಾತ್ರಿ ಮೈಕ್ ನಿಂತ ಮೇಲೂ ಜನರೇಟರ್ ಸದ್ದಿಗೆ ನಿದ್ದೆ ಬಾರದೆ ಹಾಸಿಗೆಯ ಮೇಲೆ ಎದ್ದು ಕೂರುತ್ತಾರೆ. ಬೆಳಿಗ್ಗೆ ಐದಕ್ಕೆ ಅದೇ ಟೆಂಟಿನ ಹೆಂಗಸರು ಬಾಗಿಲು ತಟ್ಟಿದರೆ ಬಚ್ಚಲಮನೆ ಬಿಟ್ಟುಕೊಡುತ್ತಾರೆ. ಇಷ್ಟು ಹೇಳಿ ನೀವು ಮತ್ತೆ ‘ನಾಗರಿಕರ ಹಕ್ಕು’ಗಳ ಕಡೆ ಓಡಿಬಿಟ್ಟಿದ್ದೀರಿ!

ನಿಮ್ಮ ಲೇಖನ ಇರುವುದು ಆ ಎರಡು ಸಾಲಿನಲ್ಲೇ. ಧರಣಿಯ ಪಕ್ಕ ಬದುಕುವ ಜನ ಹೀಗೇ ಇರುತ್ತಾರೆ. ಅವರಿಗೆ ಸಿಟ್ಟೂ ಬರುತ್ತದೆ, ಅಯ್ಯೋ ಅಂತಲೂ ಅನಿಸುತ್ತದೆ, ಎರಡೂ ಒಂದೇ ದಿನ. ನಾನೂ ಒಮ್ಮೆ ಇಂಥ ಧರಣಿಯ ಪಕ್ಕದ ಮನೆಯಲ್ಲಿ ಮೂರು ವಾರ ಕಳೆದಿದ್ದೇನೆ. ಘೋಷಣೆಗಳು ಮರೆತುಹೋಗಿವೆ, ಜನರೇಟರ್ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಕೊನೆಕೊನೆಗೆ ಅದು ನಿಂತರೇ ಎಚ್ಚರ ಆಗುತ್ತಿತ್ತು.

ಆರ್ಥಿಕ ಅಸಮಾನತೆಯ ವಿರುದ್ಧ ನ್ಯೂಯಾರ್ಕಿನಲ್ಲಿ ನಡೆದ ‘ಆಕ್ಯುಪೈ ವಾಲ್ ಸ್ಟ್ರೀಟ್’ ಧರಣಿಯ ಹೆಸರನ್ನು ನೀವು ಸುಮ್ನೆ ಪಟ್ಟಿಯಲ್ಲಿ ಸೇರಿಸಿ ಮುಂದೆ ಹೋಗಿದ್ದೀರಿ. ಅಲ್ಲಿ ನಿಮಗೆ ಬೇಕಾದದ್ದೇ ಇದೆ. 2011ರ ಸೆಪ್ಟೆಂಬರ್ 17ರಿಂದ ನವೆಂಬರ್ 15ರವರೆಗೆ ಜನ ಝುಕೋಟಿ ಪಾರ್ಕಿನಲ್ಲಿ ಮಲಗಿದರು. ಆ ಪಾರ್ಕ್ ಖಾಸಗಿ ಕಂಪನಿಯದ್ದು, ಆದರೆ ದಿನದ 24 ಗಂಟೆಯೂ ಜನರಿಗೆ ತೆರೆದಿರಬೇಕು ಎಂಬ ಕರಾರು ಅದಕ್ಕಿತ್ತು. ನಗರದ ಬೇರೆ ಪಾರ್ಕುಗಳ ಹಾಗೆ ರಾತ್ರಿ ಗೇಟು ಹಾಕುವಂತಿರಲಿಲ್ಲ. ಅಷ್ಟು ಜನಕ್ಕೆ ಅಲ್ಲಿ ಶೌಚಾಲಯವೇ ಇರಲಿಲ್ಲ. ಸುತ್ತಲಿನ ಹೋಟೆಲುಗಳ ಬಾಗಿಲಲ್ಲಿ ಕ್ಯೂ ಬೆಳೆಯಿತು. ಆದರೂ ಅಕ್ಕಪಕ್ಕದವರನ್ನು ಜಾಸ್ತಿ ಕಾಡಿದ್ದು ಡ್ರಮ್ಮಿನ ಸದ್ದು. ಅಲ್ಲಿನ ನಿವಾಸಿಗಳ ಮಂಡಳಿ ಪ್ರತಿಭಟನೆಯ ಹಕ್ಕನ್ನು ಒಪ್ಪಿತು, ಡ್ರಮ್ ಮಾತ್ರ ದಿನಕ್ಕೆ ಎರಡೇ ಗಂಟೆ ಇರಲಿ ಎಂದಿತು. ನೋಡಿ, ಜನ ಕೇಳಿದ್ದು ಎಷ್ಟು ಸಣ್ಣದು, ಎಷ್ಟು ಸ್ಪಷ್ಟ.

ಕೆನಡಾದ ಒಟ್ಟಾವಾದಲ್ಲೂ ಅಷ್ಟೇ. 2022ರ ಜನವರಿ ಕೊನೆಗೆ ಕೊರೊನಾ ನಿಯಮಗಳನ್ನು ವಿರೋಧಿಸಿ ಲಾರಿಗಳು ಪಾರ್ಲಿಮೆಂಟ್ ಸುತ್ತ ಬಂದು ನಿಂತವು. ಹಗಲೂ ರಾತ್ರಿ ಹಾರ್ನ್. ನಿವಾಸಿಯೊಬ್ಬರು ಕೋರ್ಟಿಗೆ ಹೋದರು. ಹತ್ತು ದಿನ ಹಾರ್ನ್ ಹೊಡೆಯುವ ಹಾಗಿಲ್ಲ ಎಂದು ಫೆಬ್ರುವರಿ 7ರಂದು ಆದೇಶ ಬಂತು. ಲಾರಿಗಳು ಅಲ್ಲೇ ಇದ್ದವು, ಬೀದಿಯೂ ಬಂದ್ ಆಗಿಯೇ ಇತ್ತು. ಜಾಗ ಹಿಡಿಯುವುದು ಒಂದು ತೊಂದರೆ, ಸದ್ದು ಇನ್ನೊಂದು, ಗಲೀಜು ಮತ್ತೊಂದು. ಮೂರನ್ನೂ ಒಂದೇ ಚೀಲಕ್ಕೆ ತುಂಬಿದರೆ ಯಾವುದಕ್ಕೂ ಪರಿಹಾರ ಕೇಳಲು ಬರುವುದಿಲ್ಲ.

ಒಂದು ಜಾಗದಲ್ಲಿ ಮಾತ್ರ ನಾನು ಗಟ್ಟಿಯಾಗಿಯೇ ತಕರಾರು ಮಾಡುತ್ತೇನೆ. ಪೌರತ್ವ ತಿದ್ದುಪಡಿ ಕಾಯ್ದೆ ವಿರೋಧಿಸಿ ದೆಹಲಿಯ ಶಾಹೀನ್ ಬಾಗ್‌ನಲ್ಲಿ ನಡೆದ ಧರಣಿಯ ಬಗ್ಗೆ ಬರೆಯುತ್ತಾ, ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಹಿಡಿದಿಡುವಂತಿಲ್ಲ ಎಂಬ 2020ರ ಅಕ್ಟೋಬರ್ 7ರ ಸುಪ್ರೀಂ ಕೋರ್ಟ್ ತೀರ್ಪನ್ನು ಹೇಳಿದ್ದೀರಿ. ಸರಿ, ಅದು ಇರಲಿ. ದೆಹಲಿ ನೊಯ್ಡಾ ನಡುವಿನ ಆ ರಸ್ತೆಯ ಅಂಗಡಿಗಳು ಮೂರು ತಿಂಗಳು ಬಾಗಿಲು ಹಾಕಿದ್ದವು, ಅದನ್ನೂ ಸೇರಿಸಿ. ಆದರೆ ಅದೇ ವರ್ಷದ ಫೆಬ್ರುವರಿಯಲ್ಲಿ ವಜಾಹತ್ ಹಬೀಬುಲ್ಲಾ ಅದೇ ಕೋರ್ಟಿಗೆ ಒಂದು ಪ್ರಮಾಣಪತ್ರ ಕೊಟ್ಟಿದ್ದರು. ಅವರು ದೇಶದ ಮೊದಲ ಮುಖ್ಯ ಮಾಹಿತಿ ಆಯುಕ್ತರಾಗಿದ್ದವರು. ಧರಣಿಗೆ ಸಂಬಂಧವೇ ಇಲ್ಲದ ರಸ್ತೆಗಳನ್ನೂ ಪೊಲೀಸರು ಮುಚ್ಚಿದ್ದಾರೆ ಎಂದು ಅದರಲ್ಲಿತ್ತು. ಇದನ್ನು ಬಿಟ್ಟರೆ ಓದುಗರಿಗೆ ಅರ್ಧ ರಸ್ತೆ ಮಾತ್ರ ತೋರಿಸಿದ ಹಾಗೆ. ಬ್ಯಾರಿಕೇಡ್ ಕಂಡಲ್ಲೆಲ್ಲ ‘ಇದನ್ನು ಇಟ್ಟವರು ಯಾರು?’ ಅಂತ ಕೇಳಿ. ನಿಮ್ಮ ಪಾರ್ಕಿನ ಹಿಂದಿನ ಗೇಟಿಗೆ ಬೀಗ ಹಾಕಿತ್ತು ಅಂತ ಬರೆದಿದ್ದೀರಲ್ಲ, ಆ ಬೀಗ ಯಾರದು? ಧರಣಿಯವರದೋ, ಪಾಲಿಕೆಯದೋ, ಪೊಲೀಸರದೋ? ನನಗಂತೂ ಗೊತ್ತಾಗಲಿಲ್ಲ.

ಹುಲ್ಲು ಹಾಳಾಯಿತು, ಬೆಂಚು ಮುರಿಯಿತು ಅಂತ ಅರ್ಧ ಪುಟ ಇದೆ. ನಾಲ್ಕು ಸಾಲು ಸಾಕು. ಅದರ ಬದಲು ಧರಣಿ ಎದ್ದ ಮಾರನೇ ದಿನ ಅಲ್ಲಿ ಯಾರು ಕಸ ಗುಡಿಸಿದರು ಅಂತ ಹೇಳಿ. ಮ್ಯಾಡ್ರಿಡ್‌ನ ಪುಯೆರ್ತಾ ದೆಲ್ ಸೋಲ್ ಚೌಕದಲ್ಲಿ 2011ರ ಮೇ ತಿಂಗಳಿಂದ ಟೆಂಟ್ ಹಾಕಿದ್ದವರು, ವ್ಯಾಪಾರ ಕೆಟ್ಟಿತು ಅಂತ ಸುತ್ತಲಿನ ಅಂಗಡಿಯವರು ದೂರುತ್ತಿದ್ದಾಗ, ಜೂನ್ 12ಕ್ಕೆ ತಾವೇ ತೀರ್ಮಾನ ಮಾಡಿ ಎದ್ದರು. ಚೌಕವನ್ನೂ ಅವರೇ ಗುಡಿಸಿದರು. ನಿಮ್ಮಲ್ಲಿ ಏನಾಯಿತು? ಅದು ಲೇಖನದಲ್ಲಿ ಇಲ್ಲವೇ ಇಲ್ಲ.

ಕೊನೆಯ ಪುಟವನ್ನು ಪೂರ್ತಿ ತೆಗೆಯಿರಿ. ‘ಹಕ್ಕು ಮತ್ತು ಕರ್ತವ್ಯ’ದ ಭಾಷಣ ನಿಮ್ಮ ದನಿಯಲ್ಲ. ಅಜ್ಜಿಯ ಬಗ್ಗೆ ಬರೆಯುವಾಗ ಕೇಳಿಸಿದ್ದು ನಿಮ್ಮ ದನಿ.

ಈಗ ಒಂದು ಕೆಲಸ ಮಾಡಿ. ನೋಟ್‌ಬುಕ್ ಹಿಡಿದು ಮತ್ತೆ ಆ ಮನೆಗೆ ಹೋಗಿ. ಮೊದಲ ಸಲ ಬಾಗಿಲು ತಟ್ಟಿದ್ದು ಯಾರು, ಏನಂತ ಕೇಳಿದರು? ಆ ತಿಂಗಳು ನೀರು ಸಾಕಾಯಿತೇ? ಜನರೇಟರ್ ದೂರ ಇಡಿ ಅಂತ ಅಜ್ಜಿ ಅವರಿಗೆ ಯಾವತ್ತಾದರೂ ಹೇಳಿದ್ದರೇ? ಹೇಳದಿದ್ದರೆ ಯಾಕೆ ಹೇಳಲಿಲ್ಲ? ಆಮೇಲೆ ಆ ಹೆಂಗಸರಲ್ಲಿ ಒಬ್ಬರನ್ನಾದರೂ ಹುಡುಕಿ, ಅದೇ ಬಾಗಿಲಿನ ಬಗ್ಗೆ ಅವರನ್ನೂ ಕೇಳಿ. ಬರೆದು ನೇರ ನನಗೇ ಕಳಿಸಿ, ಬಂದ ದಿನವೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ