ಟೇಪ್ ಹಚ್ಚಿದರೂ ಓಲೆ ಓಲೆಯೇ

ಓದುಗರೊಬ್ಬರ ಪತ್ರ: "ಮಗಳಿಗೆ 11 ವರ್ಷ. ಕಿವಿ ಚುಚ್ಚಿಸಿ 15 ದಿನ ಆಗಿತ್ತು. ಓಲೆ ತೆಗೆದರೆ ತೂತು ಮುಚ್ಚಿಹೋಗುತ್ತೆ ಅಂತ ಮೇಲೆ ಟೇಪ್ ಹಚ್ಚಿ ಫುಟ್‌ಬಾಲ್ ಪಂದ್ಯಕ್ಕೆ ಕಳಿಸಿದೆ. ರೆಫರಿ ಆಡಲು ಬಿಡಲಿಲ್ಲ, ಎಲ್ಲರೆದುರು ಬೈದರು ಬೇರೆ. ಶಿನ್ ಗಾರ್ಡ್ (ಮೊಣಕಾಲ ಕೆಳಗಿನ ಮೂಳೆ ಕಾಯುವ ಪಟ್ಟಿ) ತಟ್ಟಿ ನೋಡಿದರಂತೆ, ಒಳ ಅಂಗಿಯ ಬಣ್ಣಕ್ಕೂ ತಕರಾರು. ಮಕ್ಕಳ ಆಟಕ್ಕೆ ಇಷ್ಟೆಲ್ಲ ಬೇಕಾ? ಕೂದಲಿಗೆ ಕ್ಲಿಪ್ ಆದರೂ ಹಾಕಬಹುದಾ?"

ಓಲೆಯ ವಿಚಾರದಲ್ಲಿ ರೆಫರಿ ಮಾಡಿದ್ದು ಸರಿ. ಬೈದದ್ದು ತಪ್ಪು.

ಫುಟ್‌ಬಾಲ್‌ನ 4ನೇ ನಿಯಮ ಇರುವುದೇ ಆಟಗಾರರು ಏನು ತೊಡಬೇಕು, ಏನು ತೊಡಬಾರದು ಎಂದು ಹೇಳಲಿಕ್ಕೆ. ಸರ, ಉಂಗುರ, ಬಳೆ, ಓಲೆ ಯಾವುದೂ ಬೇಡ. ಚರ್ಮದ ಪಟ್ಟಿ, ರಬ್ಬರ್ ಬ್ಯಾಂಡೂ ಬೇಡ. ಒಡವೆಗೆ ಟೇಪ್ ಸುತ್ತುವಂತಿಲ್ಲ ಎಂದೂ ಅಲ್ಲೇ ಬಿಡಿಸಿ ಬರೆದಿದೆ. ಟೇಪ್ ಓಲೆಯನ್ನು ಮರೆಮಾಡುತ್ತದೆ, ಅಷ್ಟೇ. ಚೆಂಡು ಬಂದು ಕಿವಿಗೆ ಬಡಿದರೆ ಹಿಂದಿನ ತಿರುಪು ಚುಚ್ಚಿಕೊಳ್ಳುವುದು ತಪ್ಪುವುದಿಲ್ಲ. ಉಂಗುರವಂತೂ ಗೋಲಿನ ಬಲೆಗೆ ಸಿಕ್ಕಿಕೊಂಡರೆ ಬೆರಳಿನ ಚರ್ಮವೇ ಕಿತ್ತು ಬರಬಹುದು.

ಚುಚ್ಚಿದ ಕಿವಿ ಮಾಯಲು ಸುಮಾರು 6 ವಾರ ಬೇಕು. ಪಂದ್ಯಗಳೆಲ್ಲ ಮುಗಿದ ಮೇಲೆ ಚುಚ್ಚಿಸಿದ್ದರೆ ಈ ಪೇಚು ಇರುತ್ತಿರಲಿಲ್ಲ. ಈಗ ಅದು ಮಾಯುವ ತನಕ ಪಂದ್ಯ ಬಿಡಬೇಕು, ಬೇರೆ ದಾರಿ ಕಾಣೆ.

ಶಿನ್ ಗಾರ್ಡ್ ತಟ್ಟಿ ನೋಡಿದ್ದು ಒಳ್ಳೆಯದೇ ಆಯಿತು. 1990ರಿಂದ ಅದು ಕಡ್ಡಾಯ, ಸಾಕ್ಸ್ ಒಳಗೆ ಪೂರ್ತಿ ಮುಚ್ಚಿರಬೇಕು. ದೊಡ್ಡ ಆಟಗಾರರು ಬಿಸ್ಕತ್ತಿನಷ್ಟು ಚಿಕ್ಕದನ್ನು ಸಿಕ್ಕಿಸಿಕೊಂಡು ಆಡುವುದನ್ನು ಟೀವಿಯಲ್ಲಿ ನೋಡಿ ಮಕ್ಕಳೂ ಅದನ್ನೇ ಕೇಳುತ್ತಾರೆ. ಕೊಡಿಸಬೇಡಿ. ಮಕ್ಕಳ ಕಾಲು ಬೇಗ ಬೆಳೆಯುತ್ತದೆ, ಹೋದ ವರ್ಷದ್ದು ಈ ವರ್ಷ ಅರ್ಧ ಕಾಲಿಗೂ ಬರಲ್ಲ. ಹಾಗೇ ಶೂ ತಿರುಗಿಸಿ ಸ್ಟಡ್‌ಗಳ (ಅಟ್ಟೆಯ ಕೆಳಗಿನ ಗುಬ್ಬಿಗಳ) ಮೇಲೆ ಬೆರಳಾಡಿಸಿ. ಸಿಮೆಂಟ್ ನೆಲದ ಮೇಲೆ ನಡೆದು ನಡೆದು ಅವುಗಳ ಅಂಚು ಹರಿತವಾಗುತ್ತದೆ. ಅದು ಕೊಯ್ಯುವುದು ಎದುರಿನ ಮಗುವಿನ ಕಾಲನ್ನು.

ಒಳ ಅಂಗಿಯ ಬಣ್ಣದ ವಿಷಯಕ್ಕೆ ಬಂದರೆ ನಾನು ಅರ್ಧ ನಿಮ್ಮ ಕಡೆ. ಜೆರ್ಸಿಯ ತೋಳಿನ ಬಣ್ಣವೇ ಅದಕ್ಕೂ ಇರಬೇಕು ಎನ್ನುವುದು ನಿಯಮ, ನಿಜ. ಆದರೆ ಬಣ್ಣದಿಂದ ಯಾರಿಗೂ ಗಾಯ ಆಗಲ್ಲ ಅಲ್ವಾ? ಮಕ್ಕಳ ಪಂದ್ಯದಲ್ಲಿ ಅದನ್ನು ಮೆಲ್ಲಗೆ ಹೇಳಿದರೆ ಸಾಕಿತ್ತು.

ಬೈಗುಳಕ್ಕಂತೂ ನಿಯಮದ ಬೆಂಬಲವೇ ಇಲ್ಲ. ಆಟದ ನಡುವೆ ಓಲೆ ಕಂಡರೂ ಮೊದಲು ತೆಗೆಯಲು ಹೇಳಬೇಕು. ತೆಗೆಯದಿದ್ದರೆ, ಇಲ್ಲವೇ ಮತ್ತೆ ಹಾಕಿಕೊಂಡರೆ ಮಾತ್ರ ಹಳದಿ ಕಾರ್ಡ್. ಇದೇ ನಿಯಮ ಎಷ್ಟು ಉದಾರಿ ನೋಡಿ: ಓಡುವಾಗ ಅಕಸ್ಮಾತ್ ಶೂ ಕಳಚಿದರೆ, ಚೆಂಡು ಹೊರಹೋಗುವ ತನಕ ಬರಿಗಾಲಲ್ಲೇ ಆಡಬಹುದು. ಅಷ್ಟರಲ್ಲಿ ಗೋಲು ಹೊಡೆದರೆ ಅದೂ ಲೆಕ್ಕಕ್ಕೆ!

ನನ್ನ ತಕರಾರು ಸಮಯದ್ದು. ಸೀಟಿ ಊದುವ ಹೊತ್ತಿಗೆ ಮಕ್ಕಳನ್ನು ಸಾಲು ನಿಲ್ಲಿಸಿ ನೋಡಿದರೆ ಸರಿಪಡಿಸಲು ಹೊತ್ತೆಲ್ಲಿ? ಅರ್ಧ ಗಂಟೆ ಮೊದಲೇ ಕೋಚ್ ಒಮ್ಮೆ ನೋಡಲಿ, ನೀವೇ ಕೇಳಿಕೊಳ್ಳಿ. ಬದಲಿ ಆಟಗಾರರನ್ನೂ ಬಿಡಬಾರದು, ಅವರನ್ನು ಮರೆಯುವುದೇ ಜಾಸ್ತಿ.

ಕೂದಲಿಗೆ ಲೋಹದ ಕ್ಲಿಪ್ ಬೇಡ. ಬಟ್ಟೆಯ ಹೇರ್ ಬ್ಯಾಂಡ್ ಹಾಕಿ ಕಳಿಸಿ.

– ಸಂಪಾದಕರು