ಬ್ಯಾಟರಿ ಕೆಟ್ಟಾಗ ಬಿಚ್ಚಿ ನೋಡುವವರು ಯಾರು?

ಪ್ರಶ್ನೆ: ಕರೆಂಟಿಲ್ಲದ ಅರವತ್ತು ಮನೆಗಳ ಒಂದು ಹಳ್ಳಿಗೆ ನಮ್ಮ ಗೆಳೆಯರ ಬಳಗ ಉಚಿತವಾಗಿ ಸೋಲಾರ್ ದೀಪ ಕೊಡಬೇಕೆಂದಿದೆ. ಪಕ್ಕದ ಹಳ್ಳಿಗೆ ಹಿಂದೆ ಯಾರೋ ಕೊಟ್ಟ ಸೆಟ್‌ಗಳು ಎರಡೇ ವರ್ಷಕ್ಕೆ ಮೂಲೆ ಸೇರಿವೆ. ನಾವು ಎಂಥ ಪ್ಯಾನೆಲ್ ತೆಗೆದುಕೊಳ್ಳಬೇಕು?

ಉತ್ತರ: ಮೂಲೆ ಸೇರಿದ ಆ ಸೆಟ್‌ಗಳನ್ನು ಮೊದಲು ಬಿಚ್ಚಿ ನೋಡಿ. ಪ್ಯಾನೆಲ್‌ಗೆ ಬಹುಶಃ ಏನೂ ಆಗಿರುವುದಿಲ್ಲ. ಒಳ್ಳೆಯದಾದರೆ ಅದು ಇಪ್ಪತ್ತು ವರ್ಷಕ್ಕೂ ಜಾಸ್ತಿ ಬಾಳುತ್ತದೆ. ಸತ್ತಿರುವುದು ಬ್ಯಾಟರಿ. ನಾನು ರಿಪೇರಿಗೆ ಹೋದ ಕಡೆ ಹೆಚ್ಚಾಗಿ ಕಂಡದ್ದು ಇದನ್ನೇ.

ಲೆಡ್ ಆಸಿಡ್ ಬ್ಯಾಟರಿಯನ್ನು, ಅಂದರೆ ಒಳಗೆ ಸೀಸ ಮತ್ತು ಆಸಿಡ್ ಇರುವ ಮಾಮೂಲಿ ಬ್ಯಾಟರಿಯನ್ನು, ದಿನವೂ ಪೂರ್ತಿ ಖಾಲಿ ಮಾಡಿದರೆ ಅದು ಬೇಗ ಹಾಳಾಗುತ್ತದೆ. ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಒಳ್ಳೆಯದು. ಚಾರ್ಜ್ ಕಂಟ್ರೋಲರ್ ಅನ್ನುವ ಪುಟ್ಟ ಪೆಟ್ಟಿಗೆ ಇರುವುದೇ ಬ್ಯಾಟರಿಯನ್ನು ಕಾಯಲು. ಚಾರ್ಜ್ ತೀರಾ ಇಳಿದಾಗ ಅದು ದೀಪ ಆರಿಸುತ್ತದೆ. ಆದರೆ ಮಗು ಓದುತ್ತಿರುವಾಗ ದೀಪ ಪಟ್ಟನೆ ಹೋದರೆ ಯಾರಿಗೆ ಬೇಜಾರಾಗುವುದಿಲ್ಲ, ಹೇಳಿ? ಯಾರೋ ಬಂದು ಕಂಟ್ರೋಲರ್ ಬಿಟ್ಟು, ವೈರನ್ನು ನೇರ ಬ್ಯಾಟರಿಗೆ ಕೊಡುತ್ತಾರೆ. ಆವತ್ತು ದೀಪ ಉರಿಯುತ್ತದೆ. ಸ್ವಲ್ಪ ದಿನದಲ್ಲೇ ಬ್ಯಾಟರಿ ಕೈಕೊಡುತ್ತದೆ. ಇದಕ್ಕೆ ಆ ಮನೆಯವರನ್ನು ದೂರಬೇಡಿ. ಹೀಗೆ ಮಾಡಬಾರದು, ಯಾಕೆ ಮಾಡಬಾರದು ಅಂತ ಅವರ ಜೊತೆ ಕೂತು ಹೇಳಿದವರೇ ಇರುವುದಿಲ್ಲ.

ಆದ್ದರಿಂದ ಪ್ಯಾನೆಲ್ ಆರಿಸುವ ಮೊದಲು ಎರಡು ವಿಷಯ ತೀರ್ಮಾನವಾಗಲಿ. ಮುಂದಿನ ಬ್ಯಾಟರಿಗೆ ದುಡ್ಡು ಎಲ್ಲಿಂದ ಬರುತ್ತದೆ? ಕೆಟ್ಟಾಗ ಬಿಚ್ಚಿ ನೋಡುವವರು ಯಾರು?

ದುಡ್ಡಿನ ವಿಷಯಕ್ಕೆ ಬಾಂಗ್ಲಾದೇಶವನ್ನು ನೋಡಿ. ಅಲ್ಲಿ 1996ರಲ್ಲಿ ಶುರುವಾದ ಗ್ರಾಮೀಣ ಶಕ್ತಿ ಸಂಸ್ಥೆ ಸೋಲಾರ್ ಸೆಟ್‌ಗಳನ್ನು ಕಂತಿನ ಮೇಲೆ ಕೊಟ್ಟಿತು. ಸೀಮೆಎಣ್ಣೆಗೆ ಹೇಗೂ ಖರ್ಚಾಗುತ್ತಿದ್ದ ಹಣ ಕಂತಿಗೆ ಹೋಯಿತು. ಕಂತು ಪಡೆಯಲು ಬಂದ ಸಿಬ್ಬಂದಿಯೇ ಸೆಟ್ಟನ್ನೂ ನೋಡಿ ಹೋಗುತ್ತಿದ್ದರು. 2003ರಲ್ಲಿ ಶುರುವಾದ ಸರ್ಕಾರದ ಯೋಜನೆಯೂ ಸೇರಿ ಮುಂದೆ ಆ ದೇಶದ 40 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಇಂಥ ಸೆಟ್ ತಲುಪಿತು.

ರಿಪೇರಿಗೆ ರಾಜಸ್ಥಾನದ ತಿಲೋನಿಯಾದಲ್ಲಿರುವ ಬೇರ್‌ಫುಟ್ ಕಾಲೇಜನ್ನು ನೋಡಿ. ಸಮಾಜ ಸೇವಕ ಬಂಕರ್ ರಾಯ್ ಅದನ್ನು ಕಟ್ಟಿದ್ದು 1972ರಲ್ಲಿ. ಆಫ್ರಿಕಾದ ಎಷ್ಟೋ ದೇಶಗಳ ಹಳ್ಳಿಗಳಿಂದ ಓದುಬರಹ ಬಾರದ, ಮೊಮ್ಮಕ್ಕಳಿರುವ ಹೆಂಗಸರು ಅಲ್ಲಿಗೆ ಬಂದು ಸುಮಾರು ಆರು ತಿಂಗಳಲ್ಲಿ ಸೋಲಾರ್ ಕೆಲಸ ಕಲಿತು ಹೋಗಿದ್ದಾರೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಬಣ್ಣ ಗುರುತಿಸಿ, ಕೈಸನ್ನೆ ನೋಡಿ ಸರ್ಕ್ಯೂಟ್ ಜೋಡಿಸುತ್ತಿದ್ದರು. ವಯಸ್ಸಾದ ಹೆಂಗಸರೇ ಯಾಕೆ ಗೊತ್ತಾ? ಕಲಿತ ಹುಡುಗರು ಕೆಲಸ ಹುಡುಕಿಕೊಂಡು ಪೇಟೆಗೆ ಹೋಗಿಬಿಡುತ್ತಾರೆ. ಅಜ್ಜಿ ಊರಲ್ಲೇ ಇರುತ್ತಾಳೆ.

ನಿಮ್ಮ ಹಳ್ಳಿಯಲ್ಲೂ ಅಂಥ ಇಬ್ಬರನ್ನು ಹುಡುಕಿ. ಕಲಿಸಿ, ಸಂಬಳ ಗೊತ್ತು ಮಾಡಿ. ಪೂರ್ತಿ ಉಚಿತವಾಗಿ ಕೊಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಪ್ರತಿ ಮನೆಯೂ ತಿಂಗಳಿಗೆ ಇಷ್ಟು ಅಂತ ಕಟ್ಟಲಿ. ಆ ದುಡ್ಡು ನಿಮ್ಮ ಬಳಗಕ್ಕಲ್ಲ, ಊರಿನವರದೇ ಖಾತೆಗೆ ಹೋಗಲಿ.

ಪ್ರಶ್ನೆ: ಊರ ಮೇಲಿನ ಗುಡ್ಡದಿಂದ ಒಂದು ತೊರೆ ಇಳಿಯುತ್ತದೆ. ಸೋಲಾರ್ ಒಳ್ಳೆಯದೋ, ನೀರಿನ ಟರ್ಬೈನೋ?

ಉತ್ತರ: ವರ್ಷವಿಡೀ ಹರಿಯುವ ತೊರೆಯಾದರೆ ಕಣ್ಣು ಮುಚ್ಚಿಕೊಂಡು ನೀರು ಅನ್ನುತ್ತೇನೆ. ಲೆಕ್ಕ ಸುಲಭ. ನೀರು ಬೀಳುವ ಎತ್ತರ ಎಷ್ಟು ಮೀಟರ್, ಸೆಕೆಂಡಿಗೆ ಎಷ್ಟು ಲೀಟರ್ ಹರಿಯುತ್ತದೆ, ಇವೆರಡನ್ನೂ ಗುಣಿಸಿ ಮತ್ತೆ ಐದರಿಂದ ಗುಣಿಸಿ. ಅಂದಾಜು ಅಷ್ಟು ವ್ಯಾಟ್ ಸಿಗುತ್ತದೆ. ಇನ್ನೂರು ಲೀಟರಿನ ಡ್ರಮ್ ಇಪ್ಪತ್ತು ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ ಹತ್ತು ಲೀಟರ್ ಆಯಿತು. ಇಪ್ಪತ್ತು ಮೀಟರ್ ಎತ್ತರವಿದ್ದರೆ ಒಂದು ಕಿಲೋವ್ಯಾಟ್. ಕಡಿಮೆ ಅನ್ನಿಸಬಹುದು, ಆದರೆ ಇದು ಹಗಲೂ ರಾತ್ರಿ ಬರುವ ಕರೆಂಟ್. ದಿನಕ್ಕೆ 24 ಯೂನಿಟ್! ಸೂರ್ಯನಿಂದ ಇಷ್ಟು ಪಡೆಯಲು ಐದಾರು ಕಿಲೋವ್ಯಾಟ್ ಪ್ಯಾನೆಲ್ ಬೇಕು, ಮೇಲೆ ಬ್ಯಾಟರಿಗಳ ಸಾಲು ಬೇರೆ.

ಅಳತೆಯನ್ನು ಮಾತ್ರ ಕಡು ಬೇಸಿಗೆಯಲ್ಲಿ ಮಾಡಿ. ಮಳೆಗಾಲದ ನೀರು ನಂಬಿ ಟರ್ಬೈನ್ ಕೂರಿಸಬೇಡಿ. ಆ ನೀರನ್ನೇ ನೆಚ್ಚಿಕೊಂಡ ಗದ್ದೆಯವರನ್ನೂ ಮೊದಲೇ ಕರೆದು ಕೂರಿಸಿ ಮಾತಾಡಿ. ಜಗಳ ಹುಟ್ಟಿದರೆ ಯಾವ ಎಂಜಿನಿಯರೂ ರಿಪೇರಿ ಮಾಡಲಾರ.

ಪ್ರಶ್ನೆ: ಮನೆಯ ಸೋಲಾರ್ ಸೆಟ್‌ನಿಂದ ಅಡುಗೆ ಮಾಡಬಹುದೇ?

ಉತ್ತರ: ಆಗುವುದಿಲ್ಲ. ಒಂದು ಎಲ್‌ಇಡಿ ದೀಪಕ್ಕೆ ಐದು ವ್ಯಾಟ್ ಸಾಕು. ವಿದ್ಯುತ್ ಒಲೆಗೆ ಸಾವಿರ ಬೇಕು. ನಾಲ್ಕೈದು ದನಗಳಿರುವ ಮನೆಗೆ ಗೋಬರ್ ಗ್ಯಾಸ್ ಒಳ್ಳೆಯದು. ಎರಡು ಘನ ಮೀಟರಿನ ಘಟಕಕ್ಕೆ ದಿನಕ್ಕೆ ಐವತ್ತು ಕಿಲೋ ಸಗಣಿ, ಅಷ್ಟೇ ನೀರು ಬೇಕು. ಆದರೆ ಊರಿನ ತೀರಾ ಬಡವರ ಮನೆಯಲ್ಲಿ ದನವೇ ಇರುವುದಿಲ್ಲ, ಅಲ್ವಾ? ಅವರಿಗೆ ಹೊಗೆ ಕೊಳವೆಯಿರುವ ಒಳ್ಳೆಯ ಒಲೆಯನ್ನಾದರೂ ಕಟ್ಟಿಸಿಕೊಡಿ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದೀಪಕ್ಕೆ ದುಡ್ಡು ಕೂಡಿಸುವಾಗಲೇ ಒಲೆಯ ಖರ್ಚನ್ನೂ ಸೇರಿಸಿಕೊಳ್ಳಿ.